ಐದು ಸಾವಿರದ ಹೋಮ್ ಥಿಯೇಟರು, ಅವ್ವನ ಕಿವಿ

ನಮ್ಮ ಮನೆಯ ಟೀವಿ ಸೌಂಡು ಓಣಿಯ ತುದಿಯ ಹಿಟ್ಟಿನ ಗಿರಣಿಯವರೆಗೂ ಕೇಳುತ್ತಿತ್ತು. ಟೀವಿ ಮುಂದೆಯೇ ಕೂತ ಅವ್ವನಿಗೆ ಮಾತ್ರ ಕೇಳುತ್ತಿರಲಿಲ್ಲ.

ಸರಿಯಾಗಿ ಹೇಳಬೇಕೆಂದರೆ ಕೇಳುತ್ತಿತ್ತು, ತಿಳಿಯುತ್ತಿರಲಿಲ್ಲ. ಸಂಜೆ ಧಾರಾವಾಹಿ ಶುರುವಾದರೆ ರಿಮೋಟು ಅವ್ವನ ಕೈಯಲ್ಲಿ. ವಾಲ್ಯೂಮ್ 40, ಆಮೇಲೆ 50, ಕಡೆಗೆ 70. ಅಷ್ಟಾದರೂ "ಏನಂದ್ಳಕಿ?" ಅಂತ ಮಾತುಮಾತಿಗೂ ನನ್ನ ಮಗಳನ್ನು ಕೇಳುವುದು ತಪ್ಪುತ್ತಿರಲಿಲ್ಲ. ಮಗಳು ಮೊದಮೊದಲು ಕಿವಿ ಹತ್ತಿರ ಹೋಗಿ ಹೇಳುತ್ತಿದ್ದಳು. ಬರಬರುತ್ತ ಅವಳಿಗೂ ಸಾಕಾಗಿ "ಏನಿಲ್ಲ ಬಿಡಜ್ಜಿ" ಅನ್ನತೊಡಗಿದಳು. ಎಲ್ಲರೂ ನಕ್ಕಾಗ ಅವ್ವನೂ ನಗುತ್ತಿದ್ದಳು, ಒಂದು ಗಳಿಗೆ ತಡವಾಗಿ, ನಮ್ಮ ಮುಖ ನೋಡಿಕೊಂಡು. ನಾನು ಊರೂರು ತಿರುಗಿ ಮಂದಿಯ ಕಷ್ಟ ಬರೆಯುವವನು. ನಮ್ಮ ಮನೆಯ ಪಡಸಾಲೆಯಲ್ಲಿ ನಡೆಯುತ್ತಿದ್ದ ಇದನ್ನು ಬಹಳ ದಿನ ಗಮನಿಸಲೇ ಇಲ್ಲ.

ಕಳೆದ ದೀಪಾವಳಿ ಮುಂದೆ ಒಂದು ಪ್ರಸಂಗ ನಡೆಯಿತು. ನನ್ನ ತಂಗಿ, ಅವಳ ಗಂಡ ಇಬ್ಬರೂ ಗೋವಾದ ವಾಸ್ಕೋದಲ್ಲಿ ಕಟ್ಟಡ ಕೆಲಸ ಮಾಡುತ್ತಾರೆ. ವಾರವಾರ ಕಟ್ಟುತ್ತಿದ್ದ ಸಂಘದ ಸಾಲ ಅವತ್ತಿಗೆ ಪೂರ್ತಿ ಮುಗಿದಿತ್ತಂತೆ. ಆ ಖುಷಿಗೆ ಫೋನ್ ಮಾಡಿ "ಅವ್ವಾ, ನಮ್ಮ ಸಾಲ ಮುಗೀತು" ಅಂದಳು. ಅವ್ವನಿಗೆ ಕೇಳಿಸಿದ್ದು "ನಮ್ಮ ಕಾಲ ಮುಗೀತು" ಅಂತ. ಫೋನು ಕೈಬಿಟ್ಟು ಎದೆ ಬಡಿದುಕೊಂಡು ಅತ್ತಳು. ಓಣಿಯ ಮಂದಿಯೆಲ್ಲ ಕೂಡಿದರು. ನಿಜ ಗೊತ್ತಾದ ಮೇಲೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಅವ್ವ ನಗಲಿಲ್ಲ. ಅವತ್ತಿನಿಂದ ತಂಗಿಯ ಫೋನ್ ಬಂದರೆ "ನೀವ ಮಾತಾಡ್ರಿ, ಆರಾಮ ಅದಾಳೋ ಇಲ್ಲೋ ಕೇಳ್ರಿ ಸಾಕು" ಅಂತ ಎದ್ದು ಕಟ್ಟೆಗೆ ಹೋಗಿಬಿಡುತ್ತಿದ್ದಳು.

ಇನ್ನು ದುಡ್ಡಿನ ವಿಷಯ. ಸ್ಟ್ರಿಂಗರ್ ಅಂದರೆ ಸಂಬಳದ ಕೆಲಸ ಅಲ್ಲ ಅಂತ ಇದನ್ನು ಓದುವ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತು. ಸುದ್ದಿಗೆ ಇಷ್ಟು, ಫೋಟೊಗೆ ಇಷ್ಟು. ಅದೂ ಬಂದಾಗ ಬಂತು. ಈ ಬೇಸಿಗೆಯಲ್ಲಿ ಕೆಲವು ತಿಂಗಳ ಬಾಕಿ ಒಮ್ಮೆಲೇ ಬಂತು. ಕಿರಾಣಿ ಅಂಗಡಿ ಲೆಕ್ಕ, ಬೈಕಿನ ಕಂತು ಕಳೆದು ಕೈಯಲ್ಲಿ ಐದು ಸಾವಿರ ಉಳಿಯಿತು. "ಮಳಿಗಾಲ ಬರೂದ್ರಾಗ ಅಡಿಗಿ ಮನಿ ತಗಡು ಬದಲಿ ಮಾಡಸ್ರಿ" ಅಂದಳು ಹೆಂಡತಿ. ಹೋದ ವರ್ಷ ಒಲೆ ಮೇಲೆಯೇ ಸೋರಿತ್ತು, ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು "ಅವ್ವನ ಸಲುವಾಗಿ ಒಂದು ಹೋಮ್ ಥಿಯೇಟರ್ ತರ್ತೀನಿ" ಅಂದೆ. ಸುಳ್ಳು ಹೇಳಬಾರದು, ಅರ್ಧ ಅವ್ವನ ಸಲುವಾಗಿ, ಇನ್ನರ್ಧ ನನ್ನ ಸಲುವಾಗಿ. ಡಿಪ್ಲೊಮಾ ಓದುವಾಗ ಗೆಳೆಯನೊಬ್ಬನ ರೂಮಿನಲ್ಲಿ ಸುತ್ತ ಸ್ಪೀಕರ್ ಇಟ್ಟು ಸಿನಿಮಾ ನೋಡಿದ್ದೆ. ಆ ಆಸೆ ಹತ್ತು ವರ್ಷದಿಂದ ಒಳಗೇ ಇತ್ತು.

ಮೊದಲ ಸಲ ಮೋಸ ಹೋದೆ. ತಾಲ್ಲೂಕಿನ ಒಂದು ಅಂಗಡಿಯಲ್ಲಿ ಕಪ್ಪು ಡಬ್ಬಿ, ಅದರ ಮುಂದೆ ಬಣ್ಣಬಣ್ಣದ ಲೈಟು, ಸುತ್ತ ಐದು ಪುಟ್ಟ ಸ್ಪೀಕರ್. ಡಬ್ಬಿ ಮೇಲೆ ದೊಡ್ಡದಾಗಿ '5,000 ವ್ಯಾಟ್ ಪಿಎಂಪಿಒ' ಅಂತ ಬರೆದಿತ್ತು. 3,200 ರೂಪಾಯಿ ಕೊಟ್ಟು ತಂದೆ. ಮನೆಗೆ ಬಂದು ಹಿಂದೆ ತಿರುಗಿಸಿ ನೋಡಿದರೆ ಸಣ್ಣ ಚೀಟಿಯಲ್ಲಿ 'ವಿದ್ಯುತ್ ಬಳಕೆ 60 ವ್ಯಾಟ್' ಅಂತ ಇದೆ! ಪತ್ರಕರ್ತನ ಡಿಪ್ಲೊಮಾ ಇಟ್ಟುಕೊಂಡು ಅಂಗಡಿಯಲ್ಲೇ ತಿರುಗಿಸಿ ನೋಡಬೇಕಿತ್ತು.

ಈ ಪಿಎಂಪಿಒ ಲೆಕ್ಕ ನಮ್ಮಂಥ ರೈತರ ಮನೆಯವರಿಗೆ ಪಂಪ್‌ಸೆಟ್ಟಿನಿಂದ ಬೇಗ ತಿಳಿಯುತ್ತದೆ. ಒಂದು ಎಚ್‌ಪಿ ಅಂದರೆ 746 ವ್ಯಾಟ್. 5,000 ವ್ಯಾಟ್ ಅಂದರೆ ಆರು ಎಚ್‌ಪಿಗೂ ಮೇಲಾಯಿತು. ಬೋರಿನ ಮೋಟರಿನಷ್ಟು ಶಕ್ತಿ ಟೀವಿ ಪಕ್ಕದ ಡಬ್ಬಿಯಿಂದ, ಅದೂ ಮೊಬೈಲ್ ಚಾರ್ಜರಿನಷ್ಟು ತೆಳ್ಳಗಿನ ವೈರಿನಿಂದ, ಹೇಗೆ ಬಂದೀತು? ಗೋಡೆಯಿಂದ 60 ವ್ಯಾಟ್ ಎಳೆಯುವ ಸಾಮಾನು ಸ್ಪೀಕರಿಗೆ 60ಕ್ಕಿಂತ ಕಡಿಮೆಯನ್ನೇ ಕೊಡಲು ಸಾಧ್ಯ. ನೋಡಬೇಕಾದ್ದು ಆರ್‌ಎಂಎಸ್ ಅಂತ ಬರೆದ ಅಂಕಿಯನ್ನು. ಅದೂ ಇಲ್ಲದಿದ್ದರೆ ಹಿಂದಿನ ಚೀಟಿ. ಪಡಸಾಲೆಗೆ ನಿಜವಾದ ಇಪ್ಪತ್ತು ಮೂವತ್ತು ವ್ಯಾಟ್ ಧಾರಾಳ ಆಗುತ್ತದೆ.

ವ್ಯಾಟಿನ ಮೋಸವನ್ನಾದರೂ ಸಹಿಸಬಹುದಿತ್ತು. ಅವತ್ತು ಸಂಜೆ ಅವ್ವನನ್ನು ಕೂರಿಸಿ ಹಚ್ಚಿದೆ. ಧಡ್ ಧಡ್ ಅಂತ ಕಿಟಕಿ ಗಾಜು ನಡುಗಿತು, ಕಪಾಟಿನ ಸ್ಟೀಲ್ ಲೋಟ ಕುಣಿದವು. ಮಗಳು ಚಪ್ಪಾಳೆ ತಟ್ಟಿದಳು. ಅವ್ವ ಐದು ನಿಮಿಷ ಕೂತು, "ಎದಿ ಹೊಡ್ಕೊಳ್ಳಾಕತ್ತೈತಿ ತಮ್ಮಾ, ಬಂದ್ ಮಾಡು" ಅಂದಳು. ಮಾತು ಮೊದಲಿನಷ್ಟೂ ತಿಳಿಯುತ್ತಿಲ್ಲ ಅಂದಳು. ಹದಿನೈದು ದಿನ ಇಟ್ಟು ಕಟಿಂಗ್ ಶಾಪಿನ ಹುಡುಗನಿಗೆ 1,800ಕ್ಕೆ ಮಾರಿದೆ. 1,400 ರೂಪಾಯಿ ಹೋಯಿತು. ಹೆಂಡತಿ ಏನೂ ಅನ್ನಲಿಲ್ಲ, ಅಡುಗೆ ಮನೆಯ ತಗಡಿನ ಕಡೆ ಒಮ್ಮೆ ನೋಡಿದಳು ಅಷ್ಟೆ.

ಮೊದಲೇ ಮಾಡಬೇಕಾದ ಕೆಲಸವನ್ನು ಆಮೇಲೆ ಮಾಡಿದೆ. ಅವ್ವನನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸುದ್ದಿಗಾಗಿ ಅಲ್ಲಿಗೆ ನೂರು ಸಲ ಹೋಗಿರಬಹುದು, ಕಿವಿ ಪರೀಕ್ಷೆಯ ಕೋಣೆ ಎಲ್ಲಿದೆ ಅಂತ ಅವತ್ತೇ ಗೊತ್ತಾದದ್ದು. ಪರೀಕ್ಷೆ ಮಾಡುವವರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವ್ವನ ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬೆರಳೆತ್ತಲು ಹೇಳಿ, ಒಂದು ಕಾಗದದ ಮೇಲೆ ಚುಕ್ಕಿ ಇಡುತ್ತಾ ಹೋದರು. ಚುಕ್ಕಿ ಕೂಡಿಸಿದರೆ ಎಡಗಡೆ ಸಮ ಇದ್ದ ಗೆರೆ ಬಲಗಡೆ ಗುಡ್ಡದ ಇಳಿಜಾರಿನಂತೆ ಕೆಳಗೆ ಬಿದ್ದಿತ್ತು.

"ಎಡಗಡೆ ಡೊಳ್ಳಿನ ದನಿ, ಬಲಗಡೆ ಹಕ್ಕಿ ದನಿ ಅಂತ ತಿಳ್ಕೊಳ್ರಿ ಸರ್. ಡೊಳ್ಳು ಅವರಿಗೆ ಚಲೋ ಕೇಳ್ತೈತಿ, ಹಕ್ಕಿ ಕೇಳಂಗಿಲ್ಲ" ಅಂದರು. ವಯಸ್ಸಾದಂತೆ ಹೆಚ್ಚಿನವರಿಗೆ ಮೊದಲು ಹೋಗುವುದು ಈ ಮೇಲಿನ ದನಿಯೇ. ನಾವು ಆಡುವ ಮಾತಿನಲ್ಲಿ ಆ, ಈ, ಓ ಇವೆಲ್ಲ ಕೆಳಗಿನ ದನಿ, ಅವಕ್ಕೆ ಜೋರೂ ಜಾಸ್ತಿ. ಸ, ಶ, ತ, ಕ, ಪ ಇವು ತೆಳುವಾದ, ಮೇಲಿನ ದನಿ. ಸದ್ದು ಬರುವುದು ಮೊದಲಿನವುಗಳಿಂದ, ಅರ್ಥ ಬಿಡಿಸಿ ಹೇಳುವುದು ಎರಡನೆಯವು. ಅದಕ್ಕೇ 'ಸಾಲ' ಹೋಗಿ 'ಕಾಲ' ಆದದ್ದು. ಅದಕ್ಕೇ ಅವ್ವನಿಗೆ ಸದ್ದು ಕೇಳಿದರೂ ಮಾತು ತಿಳಿಯದೆ ಇದ್ದದ್ದು. ಮೇಲಿಂದ ಬೇಸ್ ಜಾಸ್ತಿ ಮಾಡಿದರೆ ಆ ಡೊಳ್ಳಿನ ದನಿ ಉಳಿದಿದ್ದ ತೆಳು ದನಿಯನ್ನೂ ಮುಚ್ಚಿಬಿಡುತ್ತದೆ. ನಾನು ಮಾಡಿದ್ದು ಅದೇ, ದುಡ್ಡು ಕೊಟ್ಟು.

ಬಸ್ಸಿನಲ್ಲಿ ವಾಪಸು ಬರುವಾಗ ನಮ್ಮ ತಾಲ್ಲೂಕಿನ ಹಳೆಯ ಟಾಕೀಸು ನೆನಪಾಯಿತು. ಸಣ್ಣವರಿದ್ದಾಗ ಆಟ ಬಿಟ್ಟ ಮೇಲೆ ಪರದೆ ಹಿಂದೆ ನುಗ್ಗಿ ನೋಡಿದ್ದೆವು. ಹೀರೋ ಇರಲಿಲ್ಲ, ನಡುಮಧ್ಯೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆ ಇತ್ತು. ಪರದೆ ತುಂಬ ಸೂಜಿಯಿಂದ ಚುಚ್ಚಿದ ಹಾಗೆ ತೂತು. ಮಾತು ಹೀರೋನ ಬಾಯಿಂದಲೇ ಬಂದಂತೆ ಕೇಳಲಿ ಅಂತ ಸ್ಪೀಕರನ್ನು ಪರದೆ ಹಿಂದೆ ಇಟ್ಟು, ದನಿ ದಾಟಿ ಬರಲು ಆ ತೂತು ಬಿಟ್ಟಿರುತ್ತಾರೆ. ಹೋಮ್ ಥಿಯೇಟರಿನಲ್ಲೂ ಲೆಕ್ಕ ಅದೇ. 5.1 ಅಂದರೆ ಮುಂದೆ ಎಡ, ಬಲ, ನಡುವೆ ಒಂದು, ಹಿಂದೆ ಎರಡು, ಒಟ್ಟು ಐದು. ಆ ಪಾಯಿಂಟ್ ಒಂದು ಧಡ್ ಧಡ್ ಅನ್ನುವ ಸಬ್‌ವೂಫರ್. ಸಿನಿಮಾದ ಮಾತೆಲ್ಲ ಹೆಚ್ಚು ಕಡಿಮೆ ಆ ನಡುವಿನ ಒಂದರಿಂದ ಬರುತ್ತದೆ. ಅಗ್ಗದ ಸೆಟ್ಟುಗಳಲ್ಲಿ ಎಲ್ಲಕ್ಕಿಂತ ಕಳಪೆ ಇರುವುದೂ ಅದೇ. ಯಾಕೆಂದರೆ ಅಂಗಡಿಯಲ್ಲಿ ನಾವು ಕೇಳಿ ಮೆಚ್ಚುವುದು ಬೇಸನ್ನು.

ಇರುವ ದುಡ್ಡನ್ನು ನಡುವಿನ ಸ್ಪೀಕರಿಗೆ ಹಾಕಬೇಕು, ಉಳಿದದ್ದು ಹೇಗಿದ್ದರೂ ನಡೆಯುತ್ತದೆ ಅಂತ ಅವತ್ತು ಬಸ್ಸಿನಲ್ಲೇ ನಿರ್ಧಾರ ಮಾಡಿದೆ.

ಹುಬ್ಬಳ್ಳಿಗೆ ಹೋದೆ. ಹಳೇ ಸಾಮಾನು ರಿಪೇರಿ ಮಾಡಿ ಮಾರುವ ಚಾಚಾ ಒಬ್ಬರ ಅಂಗಡಿ ಗೆಳೆಯನಿಂದ ಗೊತ್ತಾಗಿತ್ತು. ಅಲ್ಲಿ ಡಿವಿಡಿ ಕಾಲದ ಹೋಮ್ ಥಿಯೇಟರ್ ಸೆಟ್ಟುಗಳ ರಾಶಿಯೇ ಇತ್ತು. ಡಿವಿಡಿ ಓದುವ ಭಾಗ ಕೆಟ್ಟಿರುತ್ತದೆ, ಒಳಗಿನ ಆಂಪ್ಲಿಫೈಯರ್ ಗಟ್ಟಿ ಇರುತ್ತದೆ. ಈಗ ಡಿವಿಡಿ ಯಾರಿಗೂ ಬೇಡ, ಆದ್ದರಿಂದ ರೇಟೂ ಇಲ್ಲ. ಹಿಂದೆ ಎರಡು ಸಂಗತಿ ಇದೆಯೋ ನೋಡಿಕೊಳ್ಳಿ: ಒಂದು ಆಪ್ಟಿಕಲ್ ತೂತು, ಇನ್ನೊಂದು ಆಕ್ಸ್ ಪಿನ್. ಇವೆರಡೂ ಇಲ್ಲದ ಸೆಟ್ಟು ಪುಕ್ಕಟೆ ಕೊಟ್ಟರೂ ಬೇಡ, ಟೀವಿ ದನಿ ಒಳಗೆ ಕೊಡಲು ದಾರಿಯೇ ಇರುವುದಿಲ್ಲ.

ಚಾಚಾ ಹೇಳಿದ್ದು 2,500. ಸಬ್‌ವೂಫರನ್ನು ಬೆರಳಿಂದ ಮೆಲ್ಲಗೆ ಒತ್ತಿ ನೋಡಿದೆ, ಅಂಚಿನ ಫೋಮು ಹಳೇ ಹಪ್ಪಳದಂತೆ ಉದುರಿತು. ಹಳೆಯ ಸ್ಪೀಕರ್ ಕೊಳ್ಳುವಾಗ ಹೀಗೆ ಒತ್ತಿ ನೋಡಲೇಬೇಕು. ರಬ್ಬರ್ ಅಂಚಿನವು ಬಾಳುತ್ತವೆ, ಫೋಮಿನವು ವರ್ಷ ಕಳೆದಂತೆ ಪುಡಿಯಾಗುತ್ತವೆ. "ನಾನೂರು ಕೊಡು ತಮ್ಮಾ, ಹೊಸಾ ಫೋಮ್ ಹಾಕಿ ಕೊಡ್ತೀನಿ" ಅಂದರು ಚಾಚಾ. ಬೇಡ ಚಾಚಾ, ಬೇಸ್ ಬೇಕಾಗಿಲ್ಲ ಅಂದೆ. "ಬೇಸ್ ಬ್ಯಾಡ ಅಂದ ಗಿರಾಕಿ ನೀನ ಮೊದಲನೇದಂವ" ಅಂತ ನಕ್ಕು 1,900ಕ್ಕೆ ಕೊಟ್ಟರು. ಅವ್ವನ ಕಥೆ ಹೇಳಿದೆ. ಐದು ಇಂಚಿನ, ಎಂಟು ಓಮಿನ ಒಂದು ಸ್ಪೀಕರ್ 450ಕ್ಕೆ, ಒಂದು ಟ್ವೀಟರ್ 150ಕ್ಕೆ, ಅದಕ್ಕೆ ಹಾಕುವ 4.7 ಮೈಕ್ರೋಫ್ಯಾರಡಿನ ಕೆಪಾಸಿಟರ್ 20ಕ್ಕೆ ಆರಿಸಿ ಕೊಟ್ಟರು. ಅವ್ವ ಕಳೆದುಕೊಂಡ ತೆಳು ದನಿ ತರುವುದು ಆ ಟ್ವೀಟರ್. ಕೆಪಾಸಿಟರ್ ಇಲ್ಲದೆ ಅದನ್ನು ನೇರ ಹಚ್ಚಿದರೆ ಬೇಸೂ ಒಳಗೆ ನುಗ್ಗಿ ಸುಟ್ಟುಹೋಗುತ್ತದೆ. ಕೆಪಾಸಿಟರ್ ಒಂಥರಾ ಜರಡಿ ಇದ್ದ ಹಾಗೆ.

ಓಮಿನ ವಿಷಯ ಒಂದು ಮಾತು. ಆಂಪ್ಲಿಫೈಯರ್ ಹಿಂದೆ 4 ಓಮ್ ಅಂತ ಬರೆದಿದ್ದರೆ 4 ಅಥವಾ ಅದಕ್ಕಿಂತ ಹೆಚ್ಚಿನ ಸ್ಪೀಕರ್ ಹಚ್ಚಬಹುದು. ಸದ್ದು ಸ್ವಲ್ಪ ಕಡಿಮೆಯಾಗುತ್ತದೆ, ಸಾಮಾನು ಸುಡುವುದಿಲ್ಲ. ಕಡಿಮೆ ಓಮಿನದು ಹಚ್ಚಿದರೆ ಅಥವಾ ಒಂದೇ ಪಿನ್ನಿಗೆ ಎರಡು ಸ್ಪೀಕರ್ ಪಕ್ಕಪಕ್ಕ ಕೊಟ್ಟರೆ ಆಂಪ್ಲಿಫೈಯರ್ ಮೇಲೆ ಹೊರೆ ಬಿದ್ದು ಕಾಯುತ್ತದೆ. ಒಂದೇ ಎತ್ತಿಗೆ ಎರಡು ಬಂಡಿ ಕಟ್ಟಿದ ಹಾಗೆ.

ಪೆಟ್ಟಿಗೆಗೆ ಊರಿನ ಬಡಿಗ್ಯಾರ ಹತ್ತಿರ ಬಾಗಿಲು ಮಾಡಿ ಉಳಿದ 18 ಎಂಎಂ ಪ್ಲೈವುಡ್ ತುಂಡು ಇದ್ದವು. ಪ್ಲೈವುಡ್ಡಿಗೆ ದುಡ್ಡು ಇಸಿದುಕೊಳ್ಳಲಿಲ್ಲ, ಕೂಲಿ 200 ಕೊಟ್ಟೆ. ಸಂದುಗಳಿಗೆ ಫೆವಿಕಾಲ್ ತುಂಬಿ, ಒಳಗೆ ಹಳೇ ತಲೆದಿಂಬಿನ ಹತ್ತಿ ಹಾಕಿದೆವು. ನೋಡಲು ಜೇನುಪೆಟ್ಟಿಗೆ ಇದ್ದಂತಿದೆ. ಮಗಳು ಅದಕ್ಕೆ ಗುಲಾಬಿ ಬಣ್ಣ ಬಳಿಯಬೇಕೆಂದು ಹಟ ಹಿಡಿದಿದ್ದಾಳೆ, ಇನ್ನೂ ತಪ್ಪಿಸಿಕೊಂಡು ಬಂದಿದ್ದೇನೆ.

ವೈರಿಗೆ ದುಬಾರಿ ಹೆಸರಿನ ಸ್ಪೀಕರ್ ಕೇಬಲ್ ಬೇಕಿಲ್ಲ. ಎಲೆಕ್ಟ್ರಿಕಲ್ ಅಂಗಡಿಯ ಎರಡು ಎಳೆಯ ತಾಮ್ರದ ವೈರು ಸಾಕು, 20 ಮೀಟರಿಗೆ 360 ಆಯಿತು. ಹಚ್ಚುವಾಗ ಪ್ಲಸ್ಸು ಪ್ಲಸ್ಸಿಗೆ, ಮೈನಸ್ಸು ಮೈನಸ್ಸಿಗೆ ಹೋಗಬೇಕು. ಒಂದು ಸ್ಪೀಕರಿಗೆ ತಿರುಗಾಮುರುಗಾ ಆದರೆ ದನಿ ಡಬ್ಬಿಯೊಳಗಿಂದ ಬಂದಂತೆ ಟೊಳ್ಳಾಗುತ್ತದೆ, ಎಲ್ಲಿ ತಪ್ಪಾಯಿತು ಅಂತ ತಲೆ ಕೆಡುತ್ತದೆ. ಗುರುತು ಅಳಿಸಿಹೋದ ಹಳೇ ಸ್ಪೀಕರಿಗೆ ಒಂದು ಪೆನ್ಸಿಲ್ ಬ್ಯಾಟರಿ ಸಾಕು. ಎರಡು ತುದಿಗೂ ವೈರು ಹಿಡಿದು ಸ್ಪೀಕರಿಗೆ ಒಂದು ಕ್ಷಣ ಮುಟ್ಟಿಸಿ. ಕಾಗದದ ಕೋನು ಹೊರಗೆ ಜಿಗಿದರೆ ಬ್ಯಾಟರಿಯ ಪ್ಲಸ್ ಮುಟ್ಟಿದ ಕಡೆ ಸ್ಪೀಕರಿನ ಪ್ಲಸ್. ಒಳಗೆ ಹೋದರೆ ಉಲ್ಟಾ. ಟ್ವೀಟರಿಗೆ ಮಾತ್ರ ಈ ಪ್ರಯೋಗ ಬೇಡ.

ಎಲ್ಲ ಹಚ್ಚಿ ಟೀವಿ ಆನ್ ಮಾಡಿದರೆ ಉಸಿರೇ ಇಲ್ಲ! ಒಂದು ತಾಸು ಬೆವರು ಸುರಿಸಿದೆ. ತಪ್ಪು ಟೀವಿ ಸೆಟ್ಟಿಂಗಿನಲ್ಲಿತ್ತು. ಟೀವಿಯ ಸೌಂಡ್ ಮೆನುವಿನಲ್ಲಿ ಸ್ಪೀಕರನ್ನು ಆಪ್ಟಿಕಲ್ ಅಂತ ಬದಲಿಸಬೇಕು. ಆಮೇಲೂ ಬರದಿದ್ದರೆ ಡಿಜಿಟಲ್ ಔಟ್‌ಪುಟ್ ಅನ್ನುವಲ್ಲಿ ಪಿಸಿಎಂ ಆರಿಸಬೇಕು. ನಮ್ಮ ಡಿಶ್ಶಿನ ಚಾನೆಲ್‌ಗಳಲ್ಲಿ ಎಡ ಬಲ ಎರಡೇ ದನಿ ಬರುವುದು, ಹಾಗಾದರೆ ನಡುವಿನ ಸ್ಪೀಕರಿಗೆ ಏನು ಕೆಲಸ ಅಂತ ನನಗೂ ಅನುಮಾನ ಇತ್ತು. ಹಳೆಯ ಸೆಟ್ಟಿನ ರಿಮೋಟಿನಲ್ಲಿ ಪ್ರೋ ಲಾಜಿಕ್ ಅಂತ ಒಂದು ಬಟನ್ ಇದೆ. ಎಡ ಬಲ ಎರಡರಲ್ಲೂ ಒಂದೇ ಸಮ ಇರುವ ದನಿಯನ್ನು ಅದು ಹೆಕ್ಕಿ ನಡುವಿಗೆ ಕಳಿಸುತ್ತದೆ. ಧಾರಾವಾಹಿಯ ಮಾತು ಬಹುಪಾಲು ಹಾಗೆ ಸಮ ಇರುವುದೇ. ಸೆಂಟರ್ ಲೆವೆಲ್ ನಾಲ್ಕು ಮೆಟ್ಟಿಲು ಏರಿಸಿದೆ, ಹಿಂದಿನವನ್ನು ಇಳಿಸಿದೆ.

ಅರ್ಧ ಕೆಲಸ ಕೋಣೆಯದು. ನಮ್ಮ ಪಡಸಾಲೆ ಸಿಮೆಂಟ್ ಗೋಡೆ, ನುಣುಪು ಕಲ್ಲಿನ ನೆಲ. ಚಪ್ಪಾಳೆ ಹೊಡೆದರೆ ಟಣ್ ಅಂತ ತಿರುಗಿ ಕೇಳುತ್ತಿತ್ತು. ಹಾಗೆ ಗೋಡೆಗೆ ಬಡಿದು ಬರುವ ದನಿ ಮಾತಿನ ಮೇಲೆ ಮಾತು ಬಿದ್ದಂತೆ ಕಲಸಿಬಿಡುತ್ತದೆ. ಯಾರೋ ಮೊಟ್ಟೆ ಟ್ರೇ ಅಂಟಿಸು ಅಂದರು. ಅದರಿಂದ ಉಪಯೋಗ ಬಹಳ ಕಡಿಮೆ, ಬೆಂಕಿಯ ಭಯ ಬೇರೆ. ಅವ್ವ ಹೊಲಿದಿಟ್ಟ ಎರಡು ಕೌದಿ ಟ್ರಂಕಿನಲ್ಲಿದ್ದವು. ಒಂದನ್ನು ಹಿಂದಿನ ಗೋಡೆಗೆ ಇಳಿಬಿಟ್ಟೆ, ಇನ್ನೊಂದನ್ನು ಟೀವಿ ಮುಂದಿನ ನೆಲಕ್ಕೆ ಹಾಸಿದೆ. ಮೂಲೆಯಲ್ಲಿ ಜೋಳದ ಚೀಲ ಹೇಗೂ ಇದ್ದವು, ಅವನ್ನು ಅಲ್ಲೇ ಬಿಟ್ಟೆ. ಚಪ್ಪಾಳೆಯ ಟಣ್ ನಿಂತಿತು. ನಡುವಿನ ಪೆಟ್ಟಿಗೆಯನ್ನು ಟೀವಿ ಕೆಳಗೆ ಇಟ್ಟು, ಮುಂದಿನ ಅಂಚಿಗೆ ಒಂದು ಮರದ ಚಕ್ಕೆ ಕೊಟ್ಟು, ನೆಲದ ಮೇಲೆ ಕೂರುವ ಅವ್ವನ ಮುಖಕ್ಕೆ ಟ್ವೀಟರ್ ನೇರ ಆಗುವಂತೆ ತಿರುಗಿಸಿದೆ.

ಅವತ್ತು ಧಾರಾವಾಹಿಯಲ್ಲಿ ಅತ್ತೆ ಸೊಸೆಗೆ ಏನೋ ಚುಚ್ಚಿ ಮಾತಾಡಿದಳು. ವಾಲ್ಯೂಮ್ ಇಪ್ಪತ್ತರ ಮೇಲಿರಲಿಲ್ಲ. ನಾವಿನ್ನೂ ನಗುವ ಮೊದಲೇ ಅವ್ವ ಫಕ್ಕನೆ ನಕ್ಕಳು. ಹೆಂಡತಿ ನನ್ನ ಮುಖ ನೋಡಿದಳು.

ಲೆಕ್ಕ ಕೊಟ್ಟುಬಿಡುತ್ತೇನೆ. ಸೆಟ್ಟು 1,900, ಸ್ಪೀಕರ್, ಟ್ವೀಟರ್, ಕೆಪಾಸಿಟರ್ ಸೇರಿ 620, ಬಡಿಗ್ಯಾರಿಗೆ 200, ವೈರು 360, ಆಪ್ಟಿಕಲ್ ಕೇಬಲ್ 180, ಆಕ್ಸ್ ಕೇಬಲ್ 80, ಹುಬ್ಬಳ್ಳಿಗೆ ಹೋಗಿ ಬಂದ ಖರ್ಚು 240. ಒಟ್ಟು 3,580. ಮೊದಲ ಸೆಟ್ಟಿನಲ್ಲಿ ಕಳೆದ 1,400 ಕೂಡಿಸಿದರೆ 4,980. ಸಬ್‌ವೂಫರ್ ಇಲ್ಲದ್ದರಿಂದ ನನ್ನದು 5.1 ಅಲ್ಲ, ಬರೀ ಐದು. ಫೈಟಿಂಗ್ ಸಿನಿಮಾ ಸಪ್ಪೆ ಅನ್ನಿಸುತ್ತದೆ, ಅದು ಖರೆ. ಅಡುಗೆ ಮನೆಯ ತಗಡು ಈ ಮಳೆಗೂ ಹಾಗೇ ಇದೆ, ಕೆಳಗೆ ಬುಟ್ಟಿ ಇಟ್ಟಿದ್ದೇವೆ.

ಇನ್ನೊಂದು ಮಾತು ಸ್ಪಷ್ಟ ಹೇಳಬೇಕು. ಸ್ಪೀಕರು ಕಿವಿಗೆ ಮದ್ದಲ್ಲ. ಆಸ್ಪತ್ರೆಯಲ್ಲಿ ಹೇಳಿದ್ದು ಶ್ರವಣ ಸಾಧನ ಹಾಕಬೇಕು ಅಂತಲೇ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಕಡಿಮೆ ಆದಾಯದವರಿಗೆ ಅದು ಸಿಗುತ್ತದೆ. "ಮಷಿನ್ ಹಾಕ್ಕೊಂಡ್ರ ಮಂದಿ ಕೆವುಡಿ ಅಂತಾರ" ಅಂತ ಅವ್ವ ಬಹಳ ದಿನ ಒಪ್ಪಲಿಲ್ಲ. ಧಾರಾವಾಹಿಯ ಮಾತು ತಿಳಿಯತೊಡಗಿದ ಮೇಲೆ ತಾನು ಇಷ್ಟು ದಿನ ಏನೇನು ಕಳೆದುಕೊಂಡಿದ್ದೆ ಅಂತ ಅವಳಿಗೇ ಅನ್ನಿಸಿರಬೇಕು, ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದಾಳೆ. ಸಾಧನ ಇನ್ನೂ ಬಂದಿಲ್ಲ.

ಆ ಆಕ್ಸ್ ಕೇಬಲ್ ಯಾಕೆ ತಂದೆ ಅಂತ ಹೇಳಲಿಲ್ಲ. ನಾನು ತಂದದ್ದು ಮೊಬೈಲಿನಿಂದ ಹಾಡು ಕೇಳಲು. ಒಂದು ದಿನ ಅವ್ವ ಆ ಪೆಟ್ಟಿಗೆಯನ್ನು ಸೆರಗಿನಿಂದ ಒರೆಸುತ್ತಾ, "ಇದಕ್ಕ ಫೋನ್ ಹಚ್ಚಾಕ ಬರ್ತೈತೇನು?" ಅಂತ ಕೇಳಿದಳು. ನನಗೆ ಹೊಳೆದಿರಲೇ ಇಲ್ಲ. ಕೇಬಲಿನ ಒಂದು ತುದಿ ಫೋನಿನ ಹೆಡ್‌ಫೋನ್ ತೂತಿಗೆ, ಇನ್ನೊಂದು ತುದಿ ಸೆಟ್ಟಿನ ಆಕ್ಸ್ ಪಿನ್ನಿಗೆ. ಆ ಕಡೆಯವರ ಮಾತು ಸ್ಪೀಕರಿನಲ್ಲಿ ಬರುತ್ತದೆ, ನಮ್ಮ ಮಾತನ್ನು ಫೋನಿನ ಮೈಕೇ ಹಿಡಿಯುತ್ತದೆ. ಫೋನನ್ನು ಸ್ಪೀಕರಿಗೆ ಬೆನ್ನು ಮಾಡಿ ಮಾತಾಡುವವರ ಹತ್ತಿರ ಇಟ್ಟು, ವಾಲ್ಯೂಮ್ ಹಿತಮಿತ ಇಡಬೇಕು. ಇಲ್ಲದಿದ್ದರೆ ಆ ಕಡೆಯವರಿಗೆ ಅವರ ಮಾತೇ ತಿರುಗಿ ಕೇಳುತ್ತದೆ.

ತಂಗಿಗೆ ವಿಡಿಯೊ ಕಾಲ್ ಮಾಡಿದೆ. ಅವ್ವ ಕೂತಿದ್ದಾಳೆ ಅಂತ ಗೊತ್ತಾದದ್ದೇ ತಡ, ಹಳೇ ರೂಢಿಯಂತೆ ಅವಳು ವಾಸ್ಕೋದಿಂದಲೇ ಗಂಟಲು ಹರಿಯುವಂತೆ ಕೂಗಿದಳು, "ಅವ್ವಾ, ಕೇಳಾಕತ್ತೈತೇನು?"

ಅವ್ವ ಪೆಟ್ಟಿಗೆಯ ಕಡೆ ಮುಖ ಮಾಡಿ, "ಅಷ್ಟ್ಯಾಕ ಒದರ್ತೀ? ನಾನೇನು ಕೆವುಡಿ ಅದೀನೇನು?" ಅಂದಳು. ಆಮೇಲೆ ಮುಕ್ಕಾಲು ತಾಸು ಮಾತಾಡಿದರು. ಸಾಲದ ವಿಷಯವೂ ಬಂತು.